ಅಯ್ಯನವರಿಲ್ಲದ ವರ್ಷಗಳು

ತರಂಗಂಬಾಡಿಯ ಲೂಥರನ್ ಸಭೆ ಹದಿಮೂರು ತಿಂಗಳೊಳಗೆ ತನ್ನ ಇಬ್ಬರು ಅಯ್ಯನವರನ್ನು, ಎಂದರೆ ಪಾಲಕರನ್ನು, ಮಣ್ಣು ಮಾಡಬೇಕಾಯಿತು. ಬಾರ್ತೊಲೊಮೇಯಸ್ ಜೀಗೆನ್‌ಬಾಲ್ಗ್ 1719ರ ಫೆಬ್ರವರಿ 23ರಂದು ಹೋದರು. ಆಗ ಅವರಿಗೆ ಮೂವತ್ತಾರು ವಯಸ್ಸು. ಅವರ ಹೆಗಲಿಗೆ ಹೆಗಲು ಕೊಟ್ಟಿದ್ದ ಯೊಹಾನ್ ಎರ್ನ್‌ಸ್ಟ್ ಗ್ರುಂಡ್ಲರ್ 1720ರ ಮಾರ್ಚ್ 19ರಂದು ಹೋದರು. ಇಬ್ಬರನ್ನೂ ಅವರೇ ಕಟ್ಟಿಸಿದ ಹೊಸ ಯೆರೂಸಲೇಮ್ ದೇವಾಲಯದ ಒಳಗೇ ಹೂಳಿದರು. ಆ ದೇವಾಲಯದ ಪ್ರತಿಷ್ಠೆ ನಡೆದದ್ದು 1718ರ ಅಕ್ಟೋಬರ್‌ನಲ್ಲಿ. ಗೋಡೆಯ ಸುಣ್ಣ ಹಳೆಯದಾಗುವ ಮೊದಲೇ ನೆಲ ಎರಡು ಸಲ ಅಗೆಯಬೇಕಾಯಿತು.

ನಮ್ಮಲ್ಲಿ ಮಿಷನ್ ಚರಿತ್ರೆ ಬರೆಯುವವರು ಒಬ್ಬ ಮಿಷನರಿಯ ಸಾವಿನಿಂದ ಇನ್ನೊಬ್ಬನ ಆಗಮನಕ್ಕೆ ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಬೇಕಾದದ್ದು ಆ ನಡುವಿನ ಕಾಲ. ನಾನು ಮಂಗಳೂರಿನವಳು, ಬಾಸೆಲ್ ಮಿಷನ್ನಿನ ಮನೆತನದವಳು, ಶಾಲೆಯಲ್ಲೂ ಸಂಡೇ ಸ್ಕೂಲಿನಲ್ಲೂ ಪಾಠ ಹೇಳಿದವಳು. ಅಯ್ಯನವರಿಗೆ ವರ್ಗವಾಗಿ, ಬದಲಿಗೆ ಬರಬೇಕಾದವರು ಇನ್ನೂ ಬಾರದ ದಿನಗಳು ಹೇಗಿರುತ್ತವೆ ಎನ್ನುವುದನ್ನು ಹತ್ತಿರದಿಂದ ಬಲ್ಲೆ. ಭಾನುವಾರದ ಆರಾಧನೆ ನಿಲ್ಲುವುದಿಲ್ಲ. ಹಿರಿಯರೊಬ್ಬರು ವಾಕ್ಯ ಓದುತ್ತಾರೆ, ಗಾಯನ ಮಂಡಳಿಯವರು ಕೀರ್ತನೆ ಎತ್ತುತ್ತಾರೆ, ಲೆಕ್ಕದ ಪುಸ್ತಕ ಬರೆಯುವವರು ಬರೆಯುತ್ತಾರೆ. ಆದರೆ ಹಾಸಿಗೆ ಹಿಡಿದ ಅಜ್ಜಿಯೊಬ್ಬರು ಪವಿತ್ರ ಭೋಜನ ಬೇಕೆಂದು ಹೇಳಿಕಳಿಸಿದಾಗ, ಪಕ್ಕದ ಸಭೆಯ ಅಯ್ಯನವರಿಗೆ ಬಿಡುವು ಯಾವಾಗ ಎಂದು ಫೋನು ಮಾಡಿ ಕೇಳಬೇಕಾಗುತ್ತದೆ. ಖಾಲಿತನ ಮೊದಲು ಮುಟ್ಟುವುದು ಅಲ್ಲೇ.

ಹೀಗಾಗುವುದಕ್ಕೆ ಕಾರಣ ಲೂಥರನ್ನರ ನಂಬಿಕೆಯ ಬುಡದಲ್ಲಿದೆ. 1530ರ ಆಗ್ಸ್‌ಬರ್ಗ್ ಅರಿಕೆಯ ಹದಿನಾಲ್ಕನೆಯ ಅಂಶದ ಪ್ರಕಾರ, ಕ್ರಮವಾಗಿ ಕರೆಯಲ್ಪಡದವರು ಸಭೆಯಲ್ಲಿ ಬಹಿರಂಗವಾಗಿ ಬೋಧಿಸುವಂತಿಲ್ಲ, ಸಂಸ್ಕಾರಗಳನ್ನು ನಡೆಸುವಂತಿಲ್ಲ. ಪ್ರಾಣ ಹೋಗುವ ಹೊತ್ತಿನಲ್ಲಿ ಯಾವ ವಿಶ್ವಾಸಿಯಾದರೂ ಮಗುವಿಗೆ ದೀಕ್ಷಾಸ್ನಾನ ಕೊಡಬಹುದು. ರೊಟ್ಟಿ ಮತ್ತು ಪಾತ್ರೆಗೆ ಮಾತ್ರ ಅಯ್ಯನವರೇ ಬೇಕು. ಪಾಲಕರಿಲ್ಲದ ಸಭೆ ಹಾಡಬಹುದು, ಪ್ರಾರ್ಥಿಸಬಹುದು, ಕಲಿಸಬಹುದು, ಸತ್ತವರನ್ನು ಹೊತ್ತೊಯ್ಯಬಹುದು. ಮೇಜಿನ ಸುತ್ತ ಸೇರಲು ಕಾಯಬೇಕು.

ತರಂಗಂಬಾಡಿಯಲ್ಲಿ ಈ ಕಾಯುವಿಕೆ ಸಮುದ್ರದಷ್ಟು ಉದ್ದದ್ದು. ಕಾರೈಕಾಲಿನ ಉತ್ತರಕ್ಕೆ, ಕಡಲಿಗೆ ಮುಖ ಮಾಡಿ ನಿಂತ ಆ ಊರನ್ನು ಡೇನರು 1620ರಲ್ಲಿ ತಂಜಾವೂರಿನ ರಘುನಾಥ ನಾಯಕನಿಂದ ಪಡೆದಿದ್ದರು. ಡೆನ್ಮಾರ್ಕಿನ ರಾಜ ನಾಲ್ಕನೆಯ ಫ್ರೆಡರಿಕ್ ಕಳಿಸಿದ ಜೀಗೆನ್‌ಬಾಲ್ಗ್ ಮತ್ತು ಹೈನ್ರಿಕ್ ಪ್ಲೂಚೌ 1706ರ ಜುಲೈ 9ರಂದು ಅಲ್ಲಿ ಇಳಿದರು. ಜೀಗೆನ್‌ಬಾಲ್ಗರಿಗೆ ಇಪ್ಪತ್ತನಾಲ್ಕು ತುಂಬಲು ಒಂದು ದಿನ ಬಾಕಿಯಿತ್ತು. ಮಕ್ಕಳ ಜೊತೆ ಕೂತು ಮರಳಿನಲ್ಲಿ ತಮಿಳು ಅಕ್ಷರ ತಿದ್ದಿದರು. ಡೇನಿಶ್ ಕೋಟೆಯ ಅಧಿಕಾರಿ ಅವರನ್ನು ಕೆಲವು ತಿಂಗಳು ಸೆರೆಯಲ್ಲೂ ಇಟ್ಟ. ಕೊನೆಯ ದಿನಗಳಲ್ಲಿ ಕೋಪನ್‌ಹೇಗನ್‌ನ ಮಿಷನ್ ಮಂಡಳಿಯಿಂದ ಬಂದ ಪತ್ರಗಳು ಕಠೋರವಾಗಿದ್ದವು. ಮನೆ, ಶಾಲೆ, ಮುದ್ರಣಾಲಯ ಎಂದು ಇಷ್ಟೆಲ್ಲ ಏಕೆ, ಅಪೊಸ್ತಲರಂತೆ ಬರಿಗೈಯಲ್ಲಿ ನಡೆಯಿರಿ ಎಂಬ ಧಾಟಿ. ಆ ದೇಹಕ್ಕೆ ಅದನ್ನು ತಾಳುವ ಶಕ್ತಿ ಉಳಿದಿರಲಿಲ್ಲ. ಸಾಯುವ ಹೊತ್ತಿಗೆ ಪಿಟೀಲಿನಲ್ಲಿ ಒಂದು ಜರ್ಮನ್ ಕೀರ್ತನೆ ನುಡಿಸಿ ಎಂದು ಕೇಳಿಕೊಂಡರಂತೆ.

ಹೊಸಬರಾದ ಬೆಂಜಮಿನ್ ಶುಲ್ಟ್ಸೆ, ನಿಕೊಲಾಸ್ ದಾಲ್, ಯೊಹಾನ್ ಹೈನ್ರಿಕ್ ಕಿಸ್ಟೆನ್‌ಮಾಖರ್ ಬಂದದ್ದು 1719ರ ಸೆಪ್ಟೆಂಬರ್‌ನಲ್ಲಿ. ಅವರು ಹಡಗು ಹತ್ತಿದಾಗ ತರಂಗಂಬಾಡಿಯ ಸಾವಿನ ಸುದ್ದಿ ಯೂರೋಪಿಗೆ ಮುಟ್ಟಿರಲೇ ಇಲ್ಲ. ಜೀಗೆನ್‌ಬಾಲ್ಗರ ಕೈಕೆಳಗೆ ಕಲಿಯೋಣವೆಂದು ಹೊರಟವರು ಅವರ ಸಮಾಧಿಯನ್ನು ನೋಡಿದರು. ಕಾಯಿಲೆ ಬಿದ್ದಿದ್ದ ಗ್ರುಂಡ್ಲರಿಗೆ ಇವರನ್ನು ತಯಾರು ಮಾಡಲು ಸಿಕ್ಕಿದ್ದು ಆರು ತಿಂಗಳು. ತಮಿಳು ನಾಲಿಗೆಗೆ ಹತ್ತುವ ಮೊದಲೇ ಇಡೀ ಸಭೆ ಅವರ ತಲೆಯ ಮೇಲೆ ಬಂತು. 1722ರಲ್ಲಿ ಕಿಸ್ಟೆನ್‌ಮಾಖರ್ ತೀರಿಕೊಂಡರು. ಶುಲ್ಟ್ಸೆ ಬುದ್ಧಿವಂತರು, ದುಡಿಮೆಗಾರರು. ಜೀಗೆನ್‌ಬಾಲ್ಗ್ ರೂತಳ ಪುಸ್ತಕದವರೆಗೆ ತಂದು ನಿಲ್ಲಿಸಿದ್ದ ಹಳೆಯ ಒಡಂಬಡಿಕೆಯ ಅನುವಾದವನ್ನು ಅವರು ಮುಗಿಸಿದರು. ಆದರೆ ಯಾರೊಂದಿಗೂ ಹೊಂದಿಕೊಳ್ಳದ ಸ್ವಭಾವ. 1726ರಲ್ಲಿ ಮದರಾಸಿಗೆ ಹೊರಟರು. ದಾಲ್ ಮಾತ್ರ ಉಳಿದರು, ಪೋರ್ಚುಗೀಸ್ ಮಾತಾಡುವ ಸಭೆಯನ್ನು ನೋಡಿಕೊಳ್ಳುತ್ತ 1747ರವರೆಗೂ ಅಲ್ಲೇ ಬಾಳಿ ಅಲ್ಲೇ ತೀರಿಕೊಂಡರು. ಅವರ ಬಗ್ಗೆ ಯಾರೂ ದೊಡ್ಡದಾಗಿ ಬರೆದಿಲ್ಲ. ನನಗೆ ಅವರ ಮೇಲೆ ವಿಶೇಷ ಗೌರವ.

ಹಾಗಾದರೆ ಈ ಎಲ್ಲ ವರ್ಷಗಳಲ್ಲಿ ತಮಿಳು ಸಭೆಯನ್ನು ಹಿಡಿದು ನಿಲ್ಲಿಸಿದವರು ಯಾರು? ಉಪದೇಶಿಗಳು, ಶಾಲೆಯ ಉಪಾಧ್ಯಾಯರು, ಓಲೆಗರಿಯ ಮೇಲೆ ಬರೆಯುವ ಲೇಖಕರು. ಡೇನರ ಗಡಿ ದಾಟಿದರೆ ತಂಜಾವೂರಿನ ಮರಾಠಾ ರಾಜರ ಸೀಮೆ. ಅಲ್ಲಿಗೆ ಮಿಷನರಿಗಳು ಮನಸ್ಸು ಬಂದಂತೆ ಕಾಲಿಡುವಂತಿರಲಿಲ್ಲ. ಊರಿಂದ ಊರಿಗೆ ನಡೆದು, ಮನೆಯ ಜಗಲಿಯಲ್ಲಿ ಕೂತು, ಲೂಥರನ ಸಣ್ಣ ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿಸಿದವರು ತಮಿಳರೇ. ಪಾಲಕರ ಕುರ್ಚಿ ತುಂಬಿದ್ದಾಗಲೂ ಕೆಲಸ ಅವರದಾಗಿತ್ತು, ಖಾಲಿಯಾದಾಗ ಅದು ಕಣ್ಣಿಗೆ ಬಿತ್ತು, ಅಷ್ಟೆ.

ಇವರಲ್ಲಿ ರಾಜನಾಯಕನ್ ಅವರನ್ನು ನಾನು ಮರೆಯಲಾರೆ. ತಂಜಾವೂರಿನ ಸೈನ್ಯದಲ್ಲಿದ್ದವರು, ಹುಟ್ಟಿನಿಂದ ಕ್ಯಾಥೊಲಿಕರು, ಪರೈಯರ್ ಕುಲದವರು. ಅವರನ್ನು ಲೂಥರನ್ ಸಭೆಗೆ ಕರೆತಂದದ್ದು ಯಾವ ಅಯ್ಯನವರ ಪ್ರಸಂಗವೂ ಅಲ್ಲ, ತರಂಗಂಬಾಡಿಯಲ್ಲಿ ಅಚ್ಚಾದ ತಮಿಳು ಸುವಾರ್ತೆಯ ಒಂದು ಪ್ರತಿ. ಕೈಯಿಂದ ಕೈಗೆ ದಾಟಿ ಅದು ಅವರನ್ನು ಮುಟ್ಟಿತ್ತು. ಆ ಅಚ್ಚಿನ ಕಥೆಯೂ ಹೇಳುವಂಥದ್ದೇ. ಜರ್ಮನಿಯ ಹಾಲೆಯಿಂದ ಬಂದ ತಮಿಳು ಅಚ್ಚುಮೊಳೆಗಳು ತೀರಾ ದೊಡ್ಡವು, ಕಾಗದವೋ ದುರ್ಲಭ. ಆ ಗಾತ್ರದಲ್ಲಿ ಅಚ್ಚು ಹಾಕುತ್ತ ಹೋದರೆ ಹೊಸ ಒಡಂಬಡಿಕೆ ಮುಗಿಯುವಂತಿರಲಿಲ್ಲ. ಇಂಗ್ಲೆಂಡಿನಿಂದ ಚೀಸ್ ತುಂಬಿಸಿ ಕಳಿಸಿದ್ದ ಡಬ್ಬಿಗಳ ಸೀಸವನ್ನು ಕರಗಿಸಿ ಚಿಕ್ಕ ಅಕ್ಷರಗಳನ್ನು ಎರಕ ಹೊಯ್ದರು. 1715ರಲ್ಲಿ ಪುಸ್ತಕ ಮುಗಿಯಿತು. ಬರೆದವರು, ಅಚ್ಚು ಹಾಕಿದವರು ಸತ್ತ ಎಷ್ಟೋ ವರ್ಷಗಳ ಮೇಲೆ ಆ ಸೀಸದ ಅಕ್ಷರ ಒಬ್ಬ ಸಿಪಾಯಿಯನ್ನು ಎಬ್ಬಿಸಿತು. ಅವರು ಬಂದರು, ಉಪದೇಶಿಯಾದರು, ಹೊಡೆತ ಬಡಿತ ತಿಂದರು, ತಂಜಾವೂರು ಸೀಮೆಯಲ್ಲಿ ಸಭೆ ಬೆಳೆಸಿದರು.

ತಮಿಳನೊಬ್ಬನಿಗೇ ಪಾಲಕ ದೀಕ್ಷೆ ಕೊಡಬೇಕು ಎಂಬ ಮಾತು ಎದ್ದಾಗ ಈ ದುಡಿಮೆಗೆ ಬೆಲೆ ಸಿಗಬೇಕಿತ್ತು. ಸಿಗಲಿಲ್ಲ. ಮೇಲುಜಾತಿಯ ಕ್ರೈಸ್ತರು ಪರೈಯರೊಬ್ಬರ ಕೈಯಿಂದ ಕರ್ತನ ಭೋಜನ ಸ್ವೀಕರಿಸಲು ಹಿಂಜರಿದಾರು ಎಂದು ಮಿಷನರಿಗಳು ಅಂಜಿದರು. ಹೊಸ ಯೆರೂಸಲೇಮ್ ದೇವಾಲಯದಲ್ಲಿ ಶೂದ್ರರೂ ಪರೈಯರೂ ಬೇರೆ ಬೇರೆ ಕೂರುತ್ತಿದ್ದರು ಎಂಬುದನ್ನು ನೆನೆದರೆ ಆ ಅಂಜಿಕೆ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಅದನ್ನು ಒಪ್ಪುವುದು ನನ್ನಿಂದ ಆಗದು. ಪಾಲಕರ ಜಾಗ ತುಂಬುವ ಹೊತ್ತಿಗೇ ಸಭೆಯ ಒಳಗಿನ ಬಿರುಕು ಹೊರಬೀಳುತ್ತದೆ. ಯಾರ ಮಗ, ಯಾವ ಊರಿನವರು, ಯಾರ ಕಡೆಯವರು ಎಂಬ ಪಿಸುಮಾತು ನಮ್ಮ ಕಾಲದಲ್ಲೂ ಕೇಳದೆ ಇಲ್ಲ. ರಾಜನಾಯಕನ್ ದೀರ್ಘಕಾಲ ಬದುಕಿದರು, ಕೊನೆಯವರೆಗೂ ಉಪದೇಶಿಯಾಗಿಯೇ ಉಳಿದರು.

ದೀಕ್ಷೆ ಸಿಕ್ಕಿದ್ದು ಆರೋನ್ ಅವರಿಗೆ. ಕಡಲೂರಿನವರು, ಮೊದಲ ಹೆಸರು ಆರುಮುಗಂ, ಕುಲದಲ್ಲಿ ಪಿಳ್ಳೈ. 1718ರಲ್ಲಿ ಜೀಗೆನ್‌ಬಾಲ್ಗರೇ ದೀಕ್ಷಾಸ್ನಾನ ಕೊಟ್ಟಿದ್ದರು. 1733ರ ಡಿಸೆಂಬರ್ 28ರಂದು, ಕ್ರಿಸ್ಮಸ್ ಮುಗಿದ ಮೂರನೆಯ ದಿನ, ಹೊಸ ಯೆರೂಸಲೇಮ್ ದೇವಾಲಯದಲ್ಲಿ ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಭಾರತೀಯರಲ್ಲಿ ಮೊದಲ ಪ್ರಾಟೆಸ್ಟಂಟ್ ಪಾಲಕ ಹೀಗೆ ಬಂದರು. ಆರೋನರ ಯೋಗ್ಯತೆಯ ಬಗ್ಗೆ ನನ್ನ ತಕರಾರಿಲ್ಲ. ಮಾಯಾವರಂ ಕಡೆಯ ಹಳ್ಳಿಗಳನ್ನು ಹನ್ನೊಂದು ವರ್ಷಕ್ಕೂ ಮೀರಿ ಸುತ್ತಿ, 1745ರಲ್ಲಿ ಅವರು ಕಣ್ಣು ಮುಚ್ಚಿದರು. ಅಷ್ಟರೊಳಗೆ, 1741ರಲ್ಲಿ, ದಿಯೋಗೊ ಎಂಬ ಇನ್ನೊಬ್ಬ ತಮಿಳರಿಗೂ ದೀಕ್ಷೆಯಾಗಿತ್ತು. ಈ ಸಲ ಸಾವಿಗೆ ಮೊದಲೇ ಉತ್ತರಾಧಿಕಾರಿ ಸಿದ್ಧವಾಗಿದ್ದರು ಎನ್ನುವುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಮುಂದಿನ ನೂರು ವರ್ಷವನ್ನು ಬೇಗ ದಾಟುತ್ತೇನೆ. ಜೀಗೆನ್‌ಬಾಲ್ಗರಿಂದ ಶುರುವಾದ ಹಾಲೆಯ ಪರಂಪರೆಯ ಕೊನೆಯ ಮಿಷನರಿ ಕಾಮರರ್ 1837ರಲ್ಲಿ ತೀರಿಕೊಂಡರು. ಲೈಪ್‌ಜಿಗ್ ಮಿಷನ್ನಿನ ಹೈನ್ರಿಕ್ ಕಾರ್ಡೆಸ್ 1841ರಲ್ಲಿ ಊರಿಗೆ ಬಂದರು. 1845ರಲ್ಲಿ ಡೇನರು ಊರನ್ನೇ ಇಂಗ್ಲಿಷ್ ಕಂಪನಿಗೆ ಮಾರಿ ಹೋದರು. ತಂಜಾವೂರಿನ ಕಡೆ ಆಗಲೇ ಎಷ್ಟೋ ಸಭೆಗಳು ಆಂಗ್ಲಿಕನ್ನರ ಕೈಸೇರಿದ್ದವು. ಲೂಥರನ್ನರಾಗಿ ಮಲಗಿದವರು ಆಂಗ್ಲಿಕನ್ನರಾಗಿ ಎದ್ದರು. ಯಾರೂ ಅವರನ್ನು ಕೇಳಿರಲಿಲ್ಲ.

ನಮ್ಮ ಕರಾವಳಿಯೂ ಈ ಕಥೆಯೊಳಗೆ ಬರುವುದು 1914ರಲ್ಲಿ. ಬಾಸೆಲ್ ಮಿಷನ್ ಅಚ್ಚ ಲೂಥರನ್ ಅಲ್ಲ. ಲೂಥರನ್ನರೂ ರಿಫಾರ್ಮ್ಡ್ ಪಂಥದವರೂ ಕೂಡಿ 1815ರಲ್ಲಿ ಕಟ್ಟಿದ್ದು. ಆದರೆ 1834ರಿಂದ ಮಂಗಳೂರಿಗೆ ಬಂದವರಲ್ಲಿ ವುರ್ಟೆಂಬರ್ಗಿನ ಲೂಥರನ್ ಮನೆಗಳ ಮಕ್ಕಳು ಬಹಳ. ನಮ್ಮ ಎಷ್ಟೋ ಕನ್ನಡ ಕೀರ್ತನೆಗಳ ರಾಗ ಆ ಊರುಗಳದೇ. ನಮ್ಮಲ್ಲೂ ಸ್ಥಳೀಯ ಪಾಲಕರಿದ್ದರು. ಹರ್ಮನ್ ಆನಂದರಾವ್ ಕೌಂಡಿನ್ಯರಿಗೆ 1851ರಲ್ಲೇ ಜರ್ಮನಿಯಲ್ಲಿ ದೀಕ್ಷೆಯಾಗಿತ್ತು. ಆದರೂ ಬೀಗದ ಕೈಗೊಂಚಲು ಇದ್ದದ್ದು ಮಿಷನರಿಗಳ ಸೊಂಟದಲ್ಲಿ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರಕಾರ ಜರ್ಮನ್ನರನ್ನು ಶತ್ರು ದೇಶದವರೆಂದು ಹಿಡಿಯಿತು. ಕೆಲವರನ್ನು ಅಹ್ಮದ್‌ನಗರದ ಶಿಬಿರಕ್ಕೆ ಕಳಿಸಿದರು, ಆಮೇಲೆ ಹಡಗು ಹತ್ತಿಸಿ ಊರಿಗೆ ಅಟ್ಟಿದರು. ನನ್ನ ಅಜ್ಜಿಗೆ ಆಗ ದೃಢೀಕರಣದ ವಯಸ್ಸು. ಆಕೆಯ ಅಪ್ಪ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಅಚ್ಚಿನ ಕೆಲಸಕ್ಕಿದ್ದರು. ಅಜ್ಜಿ ಹೇಳುತ್ತಿದ್ದುದು ಹೀಗೆ: “ದೊರೆ ಹೋದ್ರು ಅಂತ ಅಪ್ಪ ಮನೆಗೆ ಬಂದು ಚಾಪೆ ಮೇಲೆ ಕೂತ್ರು ಮಗಾ. ಪ್ರಸಂಗ ಮಾಡೋರೂ ಅವ್ರೇ, ಕೂಲಿ ಕೊಡೋರೂ ಅವ್ರೇ. ನಾಳೆ ಏನು ಅಂತ ಯಾರಿಗೂ ಗೊತ್ತಿಲ್ಲ.” ಕ್ರೈಸ್ತರಾಗಿ ಕುಲದಿಂದ ಹೊರಬಿದ್ದವರ ಅನ್ನಕ್ಕೆಂದೇ ಮಿಷನ್ ಮಗ್ಗ, ಹಂಚು, ಅಚ್ಚುಕೂಟ ಕಟ್ಟಿತ್ತು. ಜೆಪ್ಪುವಿನ ಕಾರ್ಖಾನೆ 1865ರದು. ಹಾಗಾಗಿ ಇಲ್ಲಿ ಪಾಲಕರ ಬದಲಾವಣೆಯೆಂದರೆ ಒಲೆಯ ಪ್ರಶ್ನೆಯೂ ಹೌದು. ಯುದ್ಧದ ಕೊನೆಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು.

ಅಜ್ಜಿಯ ದೃಢೀಕರಣ ನಿಲ್ಲಲಿಲ್ಲ. ಪಾಠ ಮಾಡಿದವರು ಕನ್ನಡದ ಅಯ್ಯನವರು. ಅವರ ಸುಪರ್ದಿನಲ್ಲಿ ಹಲವು ಸಭೆಗಳು, ಆದ್ದರಿಂದ ಅವರು ಬಾರದ ದಿನ ಹೆಣ್ಣುಮಕ್ಕಳ ಶಾಲೆಯ ಟೀಚರಮ್ಮ ಪ್ರಶ್ನೋತ್ತರ ಕೇಳುತ್ತಿದ್ದರಂತೆ, ಒಂದು ಪದ ತಪ್ಪಿದರೂ ಮೊದಲಿನಿಂದ ಹೇಳಿಸುತ್ತಿದ್ದರಂತೆ. ಎಂಬತ್ತು ದಾಟಿದ ಮೇಲೂ ಅಜ್ಜಿ ಹತ್ತು ಆಜ್ಞೆಗಳನ್ನು ಅವುಗಳ ಅರ್ಥದ ಸಮೇತ ತಡವರಿಸದೆ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಅದೇ ಯುದ್ಧ ತರಂಗಂಬಾಡಿಯ ಲೈಪ್‌ಜಿಗ್ ಮಿಷನರಿಗಳನ್ನೂ ಕಿತ್ತುಕೊಂಡು ಹೋಯಿತು. ಸ್ವೀಡನ್ನಿನ ಲೂಥರನ್ ಸಭೆಯವರು ಕೈಹಿಡಿದರು. ಆದರೆ ಅಲ್ಲಿಯ ಜನ ಮತ್ತೊಂದು ಮಿಷನ್ನಿನ ಅಡಿ ಸುಮ್ಮನೆ ಸೇರಲಿಲ್ಲ. 1919ರ ಜನವರಿ 14ರಂದು ತಮಿಳು ಇವಾಂಜೆಲಿಕಲ್ ಲೂಥರನ್ ಸಭೆ ಸ್ವಂತ ಸಭೆಯಾಗಿ ನಿಂತಿತು. ಅದರ ಮೊದಲ ಬಿಷಪ್, 1921ರಲ್ಲಿ, ಸ್ವೀಡನ್ನಿನ ಎರ್ನ್‌ಸ್ಟ್ ಹ್ಯೂಮನ್. ಭಾರತೀಯರೊಬ್ಬರು, ರಾಜಾ ಬಿ. ಮಾಣಿಕ್ಕಂ, ಆ ಪೀಠಕ್ಕೆ ಬಂದದ್ದು 1956ರಲ್ಲಿ. ಆರೋನರಿಂದ ಅಲ್ಲಿಗೆ ಇನ್ನೂರ ಇಪ್ಪತ್ತಮೂರು ವರ್ಷ.

ನಮ್ಮ ಸಭೆಯ ಚರಿತ್ರೆಯನ್ನು ಪುಸ್ತಕವಾಗಿ ತರಬೇಕೆಂದು ಈಗ ಒಂದು ಸಮಿತಿಯಾಗಿದೆ. ಕರಡು ಪ್ರತಿಯಲ್ಲಿ ಪಾಲಕರ ಹೆಸರುಗಳೂ ಇಸವಿಗಳೂ ಸಾಲಾಗಿವೆ, ನಡುನಡುವೆ ಕೆಲವು ವರ್ಷಗಳಿಗೆ ಬರೀ ಗೆರೆ. ಆ ಗೆರೆಗಳ ಜಾಗವನ್ನು ತುಂಬುವ ಕೆಲಸ ನಾನು ಕೇಳಿ ತೆಗೆದುಕೊಂಡಿದ್ದೇನೆ. ಹಳೆಯ ದೀಕ್ಷಾಸ್ನಾನದ ರಿಜಿಸ್ಟರು, ಕಾಣಿಕೆಯ ಲೆಕ್ಕದ ಪುಸ್ತಕ, ಮನೆಮನೆಯ ವೃದ್ಧರ ನೆನಪು, ಎಲ್ಲ ಕಡೆ ಹುಡುಕುತ್ತಿದ್ದೇನೆ. ಮಗ್ಗದ ಮನೆಯ ಮೇಸ್ತ್ರಿಯೊಬ್ಬರು ಸಿಕ್ಕಿದ್ದಾರೆ, ಭಾನುವಾರ ವಾಕ್ಯ ಓದುತ್ತಿದ್ದವರು. ಅಚ್ಚುಕೂಟದ ಮೊಳೆ ಜೋಡಿಸುವವರೊಬ್ಬರು ಸಿಕ್ಕಿದ್ದಾರೆ, ಸಾವಿನ ಮನೆಗಳಲ್ಲಿ ಕೀರ್ತನೆ ಎತ್ತುತ್ತಿದ್ದವರು. ಅಜ್ಜಿಯ ಟೀಚರಮ್ಮನ ಹೆಸರು ಇನ್ನೂ ಸಿಕ್ಕಿಲ್ಲ. ಶಾಲೆಯ ಹಾಜರಿ ಪುಸ್ತಕಗಳು ಒಂದು ಕಪಾಟಿನಲ್ಲಿವೆಯಂತೆ, ಮಳೆ ನಿಂತ ಮೇಲೆ ಅದನ್ನು ತೆಗೆಸಿಕೊಡುತ್ತೇವೆ ಎಂದಿದ್ದಾರೆ.