ಚೆಲ್ಲಿದ್ದೆಲ್ಲ ವಿಕಿರಣ

ಸಿರುಗುಪ್ಪ ಸೀಮೆ ಬತ್ತದ ನಾಡು. ರಾರಾವಿಯ ಕಡೆ ಸಸಿಮಡಿಗೆ ಬತ್ತ ಚೆಲ್ಲುವ ಕೈಯ ಕೆಲಸವನ್ನು ಸಂಸ್ಕೃತದ ‘ಕೄ’ ಧಾತು ಹೇಳುತ್ತದೆ: ಚೆಲ್ಲು, ಎರಚು, ಕೆದರು. ಸಂಕೀರ್ಣ, ಪ್ರಕೀರ್ಣ, ವಿಕೀರ್ಣ ಎಲ್ಲ ಅದರ ಸಂತಾನ. ‘ಕಿರಣ’ವೂ ಅದೇ ಮನೆಯದು. ಋಗ್ವೇದದಲ್ಲಿ ಅದಕ್ಕೆ ಸಣ್ಣ ಧೂಳು ಎಂಬ ಅರ್ಥವಿತ್ತು. ಬೆಳಕಿನ ಗೆರೆಯಾದದ್ದು ಆಮೇಲೆ. ‘ವಿ’ ಸೇರಿ ವಿಕಿರಣವಾದಾಗಲೂ ಅರ್ಥ ಕೆಟ್ಟಿರಲಿಲ್ಲ, ಸುತ್ತಲೂ ಚೆಲ್ಲುವುದು ಅಷ್ಟೇ.

ಶಾಲೆಯಲ್ಲಿ ನಾವು ಅದನ್ನು ಓದಿದ್ದು ವಹನ, ಸಂವಹನಗಳ ಜೊತೆ. ನಡುವೆ ಏನೂ ಇಲ್ಲದಿದ್ದರೂ ಸೂರ್ಯನ ಬಿಸಿ ಬಂದು ತಾಕುತ್ತದಲ್ಲ, ಅದು ವಿಕಿರಣ. ಬಳ್ಳಾರಿ ಜಿಲ್ಲೆಯವರಿಗೆ ಈ ಪಾಠಕ್ಕೆ ಪ್ರಯೋಗಾಲಯ ಬೇಕಿಲ್ಲ.

ಪದಕ್ಕೆ ಭಯ ಅಂಟಿದ್ದು ಅಣುಬಾಂಬಿನಿಂದ, 1986ರ ಚೆರ್ನೋಬಿಲ್‌ನಿಂದ, ನಮ್ಮಲ್ಲಿ ಕೈಗಾದ ಚರ್ಚೆಯಿಂದ. ಪಠ್ಯ ಬರೆದವರು ‘ವಿಕಿರಣಶೀಲ’, ‘ವಿಕಿರಣಪಟು’ ಎಂದು ಬೇರೆ ಪದ ಕಟ್ಟಿಕೊಟ್ಟಿದ್ದರು. ಆಡುಮಾತು ಬಾಲ ಕತ್ತರಿಸಿ ಬರೀ ವಿಕಿರಣವನ್ನು ಉಳಿಸಿಕೊಂಡಿತು. ಅದೇ ಈಗ ‘ಟವರ್ ರೇಡಿಯೇಷನ್’ ಆಗಿ ಮನೆ ಮಾಳಿಗೆ ಹತ್ತಿದೆ. ತಮಾಷೆಯೆಂದರೆ, ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ಮನೆಯಿಂದ ಹರಿಸಿದ್ದೂ ಇದೇ ಜಾತಿಯ ತರಂಗ. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಸಿಕ್ಕಿತು. ಯಾರೂ ಹೆದರಲಿಲ್ಲ.

ಎಕ್ಸ್‌ರೇ, ಗಾಮಾ ಕಿರಣಗಳು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕಬಲ್ಲವು. ಮೊಬೈಲ್ ತರಂಗಕ್ಕೆ ಆ ತಾಕತ್ತಿಲ್ಲ; ಅದರ ದೃಢಪಟ್ಟ ಪರಿಣಾಮ, ಪ್ರಮಾಣ ಮೀರಿದರೆ ಮೈ ಬಿಸಿಯಾಗುವುದು. 2012ರಲ್ಲಿ ಭಾರತ ಟವರಿನ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಪಾಲಿಗೆ ಇಳಿಸಿತು: 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 0.45 ವ್ಯಾಟ್. ನಡುಮಧ್ಯಾಹ್ನದ ಬಿಸಿಲು ಸುಮಾರು 1,000 ವ್ಯಾಟ್ ಸುರಿಯುತ್ತದೆ. ಎರಡೂ ಒಂದೇ ಬಗೆಯ ಕಿರಣವಲ್ಲ ನಿಜ, ಆದರೂ ಅಂಕಿ ನೋಡುವಂಥದ್ದು.

ಅನುಮಾನವನ್ನು ಮುಚ್ಚಿಡಬೇಕಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಈ ತರಂಗಗಳನ್ನು ‘ಕ್ಯಾನ್ಸರ್ ತರಬಹುದೇನೋ’ ಎಂಬ 2ಬಿ ಗುಂಪಿಗೆ ಹಾಕಿತು, ಸೀಮಿತ ಸಾಕ್ಷ್ಯದ ಮೇಲೆ. 2024ರಲ್ಲಿ ಅದೇ ಸಂಸ್ಥೆ ಮಾಡಿಸಿದ ಪರಾಮರ್ಶೆಗೆ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ.

ಟವರ್ ಬೇಡವೆಂದು ಹಟ ಹಿಡಿಯುವವರು ಒಂದು ಲೆಕ್ಕ ಬಿಟ್ಟುಬಿಡುತ್ತಾರೆ. ಟವರ್ ದೂರ ಹೋದಷ್ಟೂ ಸಿಗ್ನಲ್ ಸೊರಗುತ್ತದೆ. ಆಗ ಅಷ್ಟು ದೂರ ಮುಟ್ಟಲು ಫೋನೇ ಹೆಚ್ಚು ವಿಕಿರಣ ಸೂಸುತ್ತದೆ, ಅದೂ ಕಿವಿಗೆ ಒತ್ತಿಕೊಂಡಿರುವಾಗಲೇ.