ಹೈಸ್ಕೂಲಿನಲ್ಲಿ ಕೈಕಸುಬು: ವೃತ್ತಿ ಶಿಕ್ಷಣ ಮತ್ತು ಸಹಪಠ್ಯ ಚಟುವಟಿಕೆಗಳು

ಭಾಷೆ, ಗಣಿತ, ವಿಜ್ಞಾನಗಳ ಜೊತೆಗೆ ಒಂದು ಕಸುಬಿನ ಪರಿಚಯ ಮಾಡಿಸುವುದು ಪ್ರೌಢಶಾಲೆಯ ವೃತ್ತಿ ಶಿಕ್ಷಣದ ಉದ್ದೇಶ. ಕರ್ನಾಟಕದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ 9 ಮತ್ತು 10ನೇ ತರಗತಿಗೆ ಇದು ಪರೀಕ್ಷೆಯಿರುವ ವಿಷಯವೇ ಆಗಿದೆ. ಹಾಡು, ನಾಟಕ, ಆಟ, ಸ್ಕೌಟ್ಸ್, ವಿಜ್ಞಾನ ಮಾದರಿ, ಶಾಲಾ ಸಂಸತ್ತು ಇವು ಸಹಪಠ್ಯ ಚಟುವಟಿಕೆಗಳು. ಮಾಡುತ್ತಾ ಕಲಿಯುವುದು ಎರಡಕ್ಕೂ ತಳಹದಿ. ಓದಿನಲ್ಲಿ ಹಿಂದುಳಿದವರಿಗೆ ಮಾತ್ರ ಇವು ಎಂಬ ಮಾತು ಇನ್ನೂ ಕೇಳಿಬರುತ್ತದೆ. ಅದು ತಪ್ಪು.

ಹಿನ್ನೆಲೆ

1937ರಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಕಸುಬಿನ ಮೂಲಕವೇ ಪಾಠ ಹೇಳುವ ವಿಚಾರವನ್ನು ಮುಂದಿಟ್ಟರು. ಝಾಕಿರ್ ಹುಸೇನ್ ಅಧ್ಯಕ್ಷತೆಯ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. 'ನಯೀ ತಾಲೀಮ್' ಅಥವಾ ಮೂಲಶಿಕ್ಷಣ ಎಂದು ಹೆಸರಾದದ್ದು ಇದೇ. ತಕಲಿಯಲ್ಲಿ ನೂಲು ತೆಗೆಯುತ್ತಲೇ ಎಳೆ ಎಣಿಸಿ ಲೆಕ್ಕ ಕಲಿಯುವುದು, ಹತ್ತಿಯಿಂದ ಬೆಳೆಯ ಪಾಠಕ್ಕೆ ಹೋಗುವುದು ಇದರ ಕ್ರಮ.

1964–66ರ ಕೊಠಾರಿ ಆಯೋಗ 'ಕಾರ್ಯಾನುಭವ' ಎಲ್ಲ ಮಕ್ಕಳಿಗೂ ಬೇಕೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನೇ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ' ಎಂದು ಕರೆಯಿತು. ಮಕ್ಕಳ ಬಾಯಲ್ಲಿ 'ಕ್ರಾಫ್ಟ್ ಪಿರಿಯಡ್' ಆದ, ಹಲವು ಶಾಲೆಗಳ ಹೊಲಿಗೆ, ನೇಯ್ಗೆ, ತೋಟಗಾರಿಕೆ ಪಾಠಗಳು ಈ ಪರಂಪರೆಯವು.

ಈಗಿನ ವ್ಯವಸ್ಥೆ

2013ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟನ್ನು ಹೊರಡಿಸಿತು. ಶಾಲೆಗಳಲ್ಲಿ ಎಲ್ಲರೂ ಎನ್‌ಎಸ್‌ಕ್ಯೂಎಫ್ ಎಂದೇ ಹೇಳುತ್ತಾರೆ. ಕೆಲಸಗಾರನಿಗೆ ಏನು ಗೊತ್ತಿರಬೇಕು, ಏನು ಮಾಡಲು ಬರಬೇಕು ಎಂಬುದನ್ನು ಇದು ಹಂತಹಂತವಾಗಿ ಗೊತ್ತುಮಾಡುತ್ತದೆ. ಶಾಲಾ ಹಂತದ ಪಠ್ಯ ಮತ್ತು ಶಿಕ್ಷಕರ ತರಬೇತಿಯಲ್ಲಿ ಎನ್‌ಸಿಇಆರ್‌ಟಿ ಅಡಿಯ ಭೋಪಾಲ್‌ನ ಕೇಂದ್ರೀಯ ವೃತ್ತಿ ಶಿಕ್ಷಣ ಸಂಸ್ಥೆಯ ಪಾತ್ರ ದೊಡ್ಡದು.

ಕರ್ನಾಟಕದಲ್ಲಿ ಈ ಚೌಕಟ್ಟಿನಡಿ ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನ, ರಿಟೇಲ್, ಆರೋಗ್ಯ ಸೇವೆ, ಬ್ಯೂಟಿ ಅಂಡ್ ವೆಲ್‌ನೆಸ್ ಮೊದಲಾದ ವಿಷಯಗಳಿವೆ. ಎಸ್‌ಎಸ್‌ಎಲ್‌ಸಿಯಲ್ಲಿ ತೃತೀಯ ಭಾಷೆಯ ಬದಲಿಗೆ ಈ ವಿಷಯದ ಪರೀಕ್ಷೆ ಬರೆಯಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಕೆಳಗಿನ ತರಗತಿಗೆ ಬಂದು, 6ರಿಂದ 8ನೇ ತರಗತಿಯ ಮಕ್ಕಳು 10 ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರರಂಥವರ ಬಳಿ ಕಲಿಯಲಿ ಎನ್ನುತ್ತದೆ.

ಪಾಠ ನಡೆಯುವ ಬಗೆ

ಆಟೊಮೊಬೈಲ್ ತರಗತಿಯಲ್ಲಿ ಬೈಕಿನ ಸ್ಪಾರ್ಕ್ ಪ್ಲಗ್ ಬಿಚ್ಚುವ ದಿನವನ್ನೇ ನೋಡಿ. ಎಂಜಿನ್ ತಣ್ಣಗಾಗಿರಬೇಕು. ಕ್ಯಾಪ್ ತೆಗೆದು, ಸುತ್ತಲಿನ ಮಣ್ಣು ಒರೆಸಿದ ಮೇಲೆಯೇ ಸ್ಪ್ಯಾನರ್ ಹಾಕಬೇಕು. ಇಲ್ಲದಿದ್ದರೆ ಕೊಳೆ ಸಿಲಿಂಡರಿನೊಳಕ್ಕೆ ಬೀಳುತ್ತದೆ. ಹೊರಬಂದ ಪ್ಲಗ್ಗಿನ ತುದಿ ತಿಳಿ ಕಂದಾಗಿದ್ದರೆ ಎಂಜಿನ್ ಸರಿಯಿದೆ. ಎಣ್ಣೆಯ ಪಸೆಯಿದ್ದರೆ ಆಯಿಲ್ ಒಳಗೆ ಸೇರುತ್ತಿದೆ. ಬಿಳಿಚಿದ್ದರೆ ವಿಪರೀತ ಕಾದಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿ ಗಾಳಿ ಸಾಲದಾಗಿದೆ.

10ನೇ ತರಗತಿಯ ವಿಜ್ಞಾನದಲ್ಲಿ ಕಾರ್ಬನ್ ಕುರಿತ ಪಾಠ ಹೇಳುವುದೂ ಇದನ್ನೇ: ಗಾಳಿ ಸಾಲದೆ ಉರಿದ ಇಂಧನ ಮಸಿ ಬಿಡುತ್ತದೆ. ಒಲೆಯ ಬರ್ನರ್ ಕಟ್ಟಿಕೊಂಡಾಗ ಪಾತ್ರೆಯ ತಳ ಕಪ್ಪಾಗುವುದಕ್ಕೂ ಅದೇ ಕಾರಣ. ಬಿಚ್ಚಿದ ಪ್ಲಗ್ಗು ಕೈಯಲ್ಲಿರುವಾಗ ಅಪೂರ್ಣ ದಹನವನ್ನು ಕಣ್ಣಾರೆ ಕಾಣಬಹುದು.

ಆರೋಗ್ಯ ಸೇವೆ ಓದುವವರು ಮಣಿಕಟ್ಟಿನಲ್ಲಿ ನಾಡಿ ಹಿಡಿದು ಒಂದು ನಿಮಿಷ ಎಣಿಸುತ್ತಾರೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಅದು ಸಾಮಾನ್ಯವಾಗಿ 60ರಿಂದ 100. ಹೆಬ್ಬೆರಳಿನಿಂದ ನೋಡಿದರೆ ತಮ್ಮದೇ ನಾಡಿಯ ಬಡಿತ ಸಿಕ್ಕಿ ಎಣಿಕೆ ತಪ್ಪುತ್ತದೆ. ಹಾಗಾಗಿ ತೋರುಬೆರಳು, ನಡುಬೆರಳು ಇಡಬೇಕೆಂಬುದು ಇಲ್ಲಿನ ಮೊದಲ ಪಾಠ.

ವೇದಿಕೆ, ಮೈದಾನ, ಪ್ರಯೋಗಾಲಯ

ಸಹಪಠ್ಯ ಚಟುವಟಿಕೆಗಳಲ್ಲಿ ನಾಡಿನ ಮಕ್ಕಳಿಗೆ ಹೆಚ್ಚು ಪರಿಚಿತವಾದದ್ದು ಪ್ರತಿಭಾ ಕಾರಂಜಿ. ಕಂಠಪಾಠ, ಜಾನಪದ ಗೀತೆ, ಆಶುಭಾಷಣ, ಮಿಮಿಕ್ರಿ, ರಂಗೋಲಿ, ಕವ್ವಾಲಿ ಹೀಗೆ ಸ್ಪರ್ಧೆಗಳು ಕ್ಲಸ್ಟರ್ ಹಂತದಲ್ಲಿ ಶುರುವಾಗಿ ತಾಲ್ಲೂಕು, ಜಿಲ್ಲೆ ದಾಟಿ ರಾಜ್ಯದವರೆಗೆ ಹೋಗುತ್ತವೆ. ಮೈಕಿನ ಮುಂದೆ ಮೊದಲ ಸಲ ನಿಂತ ಹಳ್ಳಿಯ ಹುಡುಗಿಗೆ ಆ ಐದು ನಿಮಿಷ ಕೊಡುವ ಧೈರ್ಯ ಪುಸ್ತಕದಿಂದ ಬರುವುದಿಲ್ಲ. ರಾಷ್ಟ್ರಮಟ್ಟದ ಕಲಾ ಉತ್ಸವ 2015ರಿಂದ ನಡೆಯುತ್ತಿದೆ.

ವಿಜ್ಞಾನದಲ್ಲಿ ಆಸಕ್ತಿಯಿರುವವರಿಗೆ ಇನ್‌ಸ್ಪೈರ್ ಮಾನಕ್ ಯೋಜನೆಯಿದೆ. ಆಯ್ಕೆಯಾದ ಆಲೋಚನೆಯನ್ನು ಮಾದರಿಯಾಗಿಸಲು 10,000 ರೂಪಾಯಿ ಸಿಗುತ್ತದೆ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಸೆನ್ಸರ್, ತ್ರೀಡಿ ಪ್ರಿಂಟರ್ ಬಳಸಿ ಕೆಲಸ ಮಾಡಬಹುದು.

ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳು ಮೊದಲು ಕಲಿಯುವುದರಲ್ಲಿ ರೀಫ್ ಗಂಟೂ ಒಂದು. ಬಲವನ್ನು ಎಡದ ಮೇಲೆ, ಮತ್ತೆ ಎಡವನ್ನು ಬಲದ ಮೇಲೆ ಹಾಕಿದರೆ ಗಂಟು ಚಪ್ಪಟೆಯಾಗಿ ಕೂರುತ್ತದೆ, ಮೈಗೆ ಒತ್ತುವುದಿಲ್ಲ. ಪ್ರಥಮ ಚಿಕಿತ್ಸೆಯಲ್ಲಿ ಪಟ್ಟಿ ಕಟ್ಟಲು ಅದನ್ನೇ ಬಳಸುತ್ತಾರೆ. ಆರೋಗ್ಯ ಸೇವೆಯ ತರಗತಿಯಲ್ಲೂ ಈ ಗಂಟು ಕೆಲಸಕ್ಕೆ ಬರುತ್ತದೆ.

ಶಾಲಾ ಸಂಸತ್ತಿನ ಚುನಾವಣೆಯಲ್ಲಿ ನಾಮಪತ್ರ, ಪ್ರಚಾರ, ಗುಪ್ತ ಮತದಾನ, ಎಣಿಕೆ ಎಲ್ಲವೂ ಇರುತ್ತವೆ. ಗೆದ್ದವರು ಕುಡಿಯುವ ನೀರು, ಬಿಸಿಯೂಟ, ಗ್ರಂಥಾಲಯದಂಥ ಖಾತೆ ವಹಿಸಿಕೊಳ್ಳುತ್ತಾರೆ.

ಎಸ್‌ಎಸ್‌ಎಲ್‌ಸಿ ನಂತರ

ವೃತ್ತಿ ವಿಷಯ ಓದಿದ ಮಾತ್ರಕ್ಕೆ ಪಿಯುಸಿ ಬಾಗಿಲು ಮುಚ್ಚುವುದಿಲ್ಲ. ಕೌಶಲದಲ್ಲೇ ಮುಂದುವರಿಯುವವರಿಗೆ ಐಟಿಐ ಇದೆ, ಮೂರು ವರ್ಷದ ಡಿಪ್ಲೊಮಾ ಇದೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಇದೆ.

ಪಿರಿಯಡ್ ಉಳಿಯಬೇಕು

ಪರೀಕ್ಷೆ ಹತ್ತಿರ ಬಂದಂತೆ ಮೊದಲು ಕೈತಪ್ಪುವುದು ಪಿ.ಟಿ. ಮತ್ತು ಕ್ರಾಫ್ಟ್ ಪಿರಿಯಡ್‌ಗಳು. ಆ ಹೊತ್ತು ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಶಿಕ್ಷಕರ ಒತ್ತಡ, ಪೋಷಕರ ಆತಂಕ ಅರ್ಥವಾಗುವಂಥದ್ದೇ. ಆದರೆ ಮಸಿ ಹಿಡಿದ ಪ್ಲಗ್ಗನ್ನು ತಾನೇ ಬಿಚ್ಚಿ ನೋಡಿದ ವಿದ್ಯಾರ್ಥಿನಿ ಅಪೂರ್ಣ ದಹನವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಕೈಕೆಲಸದ ಆ ನಲವತ್ತು ನಿಮಿಷ ವಿಜ್ಞಾನದ ಪಾಠಕ್ಕೂ ಸಲ್ಲುತ್ತದೆ.