ಫ್ಯಾಸಿಸ್ಟ್ ಇಟಲಿಯ ಕಾರ್ಮಿಕರು

ಬೆನಿಟೊ ಮುಸೊಲಿನಿ 1922ರ ಅಕ್ಟೋಬರಿನಲ್ಲಿ ಅಧಿಕಾರಕ್ಕೆ ಬಂದ ಮೇಲೆ ಇಟಲಿಯ ದುಡಿಯುವ ಜನ ಬೇಗನೆ ಸಂಘಟನೆಯ ಸ್ವಾತಂತ್ರ್ಯ ಕಳೆದುಕೊಂಡರು. 1925ರ ವಿದೋನಿ ಅರಮನೆ ಒಪ್ಪಂದದಂತೆ ಉದ್ಯಮಿಗಳು ಫ್ಯಾಸಿಸ್ಟ್ ಸಂಘಗಳೊಂದಿಗೆ ಮಾತ್ರ ಮಾತುಕತೆಗೆ ಒಪ್ಪಿದರು. 1926ರ ಏಪ್ರಿಲ್ ಕಾನೂನು ಮುಷ್ಕರವನ್ನು ನಿಷೇಧಿಸಿತು. 1927ರ ‘ಕಾರ್ಮಿಕ ಸನ್ನದು’ ವರ್ಗಗಳ ಸಹಕಾರವನ್ನು ಸಾರಿದರೂ ತಕ್ಕಡಿ ಮಾಲೀಕರ ಕಡೆಗೇ ವಾಲಿತ್ತು.

ಹಣಕಾಸು ನೀತಿಯ ಪೆಟ್ಟು ನೇರವಾಗಿ ಅಡುಗೆಮನೆಗೆ ತಟ್ಟಿತು. 1926ರಲ್ಲಿ ಪೌಂಡಿಗೆ 150 ಲೀರಾ ದಾಟಿದ್ದ ವಿನಿಮಯ ದರವನ್ನು ಮುಸೊಲಿನಿ ರಾಷ್ಟ್ರದ ಪ್ರತಿಷ್ಠೆಯ ಹೆಸರಿನಲ್ಲಿ 90ರ ಆಸುಪಾಸಿಗೆ ತಂದ. ರಫ್ತು ಸೊರಗಿತು. ನಷ್ಟ ತುಂಬಿಕೊಳ್ಳಲು 1927ರಲ್ಲಿ ಕೂಲಿಯನ್ನು ಶೇ. 10ರಿಂದ 20ರವರೆಗೆ ಕಡಿತಗೊಳಿಸಲಾಯಿತು. 1930ರಲ್ಲಿ ಮತ್ತೊಮ್ಮೆ ಕತ್ತರಿ ಬಿತ್ತು. ದೇಶದೊಳಗೇ ಗೋಧಿ ಬೆಳೆಯುವುದನ್ನು ಹೆಚ್ಚಿಸಲು ಸರ್ಕಾರ ಹೂಡಿದ ‘ಗೋಧಿ ಸಮರ’ದ ಆಮದು ಸುಂಕದಿಂದ ಬಡವರ ಮುಖ್ಯ ಆಹಾರವಾದ ಬ್ರೆಡ್ಡೂ ತುಟ್ಟಿಯಾಯಿತು.

ಬಿಡುವಿನ ವೇಳೆಯನ್ನೂ ಆಳ್ವಿಕೆ ಬಿಡಲಿಲ್ಲ. 1925ರಲ್ಲಿ ಹುಟ್ಟಿದ ‘ದೋಪೊಲವೋರೊ’ ಸಂಸ್ಥೆ ಅಗ್ಗದ ರೈಲು ಪ್ರವಾಸ, ಸಿನಿಮಾ, ಆಟೋಟಗಳನ್ನು ಒದಗಿಸಿತು. ಜನ ಅವನ್ನು ಸಂತೋಷದಿಂದಲೇ ಬಳಸಿಕೊಂಡರು. ಹಾಗೆಂದು ಅದನ್ನು ಆಡಳಿತದ ಮೇಲಿನ ಪ್ರೀತಿಯೆಂದು ಓದುವುದು ತಪ್ಪು. ದುಡಿಮೆಯ ಮೇಲಿನ ಹಿಡಿತವೂ ಬಿಗಿಯಾಗಿತ್ತು: 1935ರಿಂದ ಕಡ್ಡಾಯವಾದ, ಕಾರ್ಮಿಕನ ಉದ್ಯೋಗದ ವಿವರ ದಾಖಲಿಸುವ ‘ಕೆಲಸದ ಪುಸ್ತಕ’ ಅವನು ನೌಕರಿಯಲ್ಲಿರುವಷ್ಟು ಕಾಲ ಮಾಲೀಕನ ವಶದಲ್ಲಿರುತ್ತಿತ್ತು.

ಯುದ್ಧಕಾಲದಲ್ಲಿ, 1942ರ ಹೊತ್ತಿಗೆ, ಸಾಮಾನ್ಯರ ಬ್ರೆಡ್ ಪಡಿತರ ದಿನಕ್ಕೆ 150 ಗ್ರಾಂಗೆ ಇಳಿಯಿತು. 1943ರ ಮಾರ್ಚಿನಲ್ಲಿ ಟ್ಯೂರಿನ್‌ನ ಫಿಯೆಟ್ ಮಿರಾಫಿಯೋರಿ ಸೇರಿದಂತೆ ಹಲವು ಕಾರ್ಖಾನೆಗಳ ಕಾರ್ಮಿಕರು ನಿಷೇಧವನ್ನು ಮುರಿದು ಕೆಲಸ ನಿಲ್ಲಿಸಿದರು. ಮುಷ್ಕರ ಮಿಲಾನ್‌ಗೂ ಹಬ್ಬಿತು.